ಊರಿಗೆ ಬಂದ ಟೆರಿಯರ್

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಬೆಂಗಳೂರಿನಲ್ಲೋ ಮುಂಬೈಯಲ್ಲೋ ಹೋಟೆಲು ನಡೆಸುವವರ ತಾಯಿಮನೆ ಇಲ್ಲದ ಊರು ಸಿಗುವುದು ಕಷ್ಟ. ಆ ಮನೆಗಳಿಗೆ ಹಬ್ಬಕ್ಕೆ ಮಕ್ಕಳು ಬರುತ್ತಾರೆ, ಬೇಸಗೆಯಲ್ಲಿ ಮೊಮ್ಮಕ್ಕಳು ಬರುತ್ತಾರೆ. ಈಚೀಚೆಗೆ ನಾಯಿಗಳೂ ಬರುತ್ತಿವೆ, ಫ್ಲ್ಯಾಟಿನಲ್ಲಿ ಸಾಕಲಾಗದೆ ಊರಿಗೆ ಕಳಿಸಿಬಿಟ್ಟ ನಾಯಿಗಳು. ಲ್ಯಾಬ್ರಡಾರ್ ಬಂದರೆ ಎರಡು ದಿನ ಮಂಕಾಗಿದ್ದು ಮೂರನೇ ದಿನ ಜಗಲಿಯ ಚಿಟ್ಟೆಯ ಮೇಲೆ ಕಾಲು ಚಾಚಿ ಮಲಗುತ್ತದೆ. ಟೆರಿಯರ್ ಬಂದ ಮನೆಯಿಂದ ಮಾತ್ರ, ನಾಯಿಗಳ ನಡವಳಿಕೆ ತಿದ್ದುವ ನನಗೆ ಫೋನು ಬಂದೇ ಬರುತ್ತದೆ.

ಕೋಟೇಶ್ವರದ ಹತ್ತಿರದ ಒಂದು ಮನೆಗೆ ಹಾಗೆ ಬಂದಿರುವ ಚೋಟು ಒಂದು ಜಾಕ್ ರಸೆಲ್ ಟೆರಿಯರ್. ಗಂಡು, ಎರಡು ದಾಟಿದ ಪ್ರಾಯ, ಬಿಳಿ ಮೈ, ಒಂದು ಕಣ್ಣಿನ ಸುತ್ತ ಕಂದು ಬಣ್ಣ. ಮೀನಿನವರ ಸ್ಕೂಟರಿನ ಹಾರ್ನ್ ಕೇಳಿದರೆ ಗೇಟು ಹಾರುವಷ್ಟು ಬೊಗಳುತ್ತಾನೆ. ತೆಂಗಿನ ಬುಡವನ್ನೆಲ್ಲ ಕೆದರಿ ಬೇರು ಕಾಣಿಸಿದ್ದಾನೆ. ಚಪ್ಪಲಿ ಕಚ್ಚಿಕೊಂಡು ಬೆಂಚಿನಡಿ ಸೇರಿದರೆ ಯಾರೂ ಹತ್ತಿರ ಸುಳಿಯುವಂತಿಲ್ಲ. ಎತ್ತಿಕೊಳ್ಳಲು ಹೋದ ಮೊಮ್ಮಗನ ಕೈಗೆ ಬಾಯಿ ಹಾಕಿದ್ದಾನೆ, ಪುಣ್ಯಕ್ಕೆ ಹಲ್ಲು ತಾಗಿಲ್ಲ. “ಎಂತ ನಾಯಿ ಮಾರಾಯ್ರೆ ಇದ್! ಬಂಗಾರದಂಥ ನಾಯಿ ಅಂದ್ ಕಳ್ಸಿದ್ರ್. ಹತ್ರ ಹೋರೆ ಗುರ್ ಅಂತ್ತ್,” ಎಂದರು ಮನೆಯ ಹಿರಿಯಮ್ಮ. ಅವರ ದನಿಯಲ್ಲಿ ಸಿಟ್ಟಿಗಿಂತ ಸಂಕಟವೇ ಹೆಚ್ಚಿತ್ತು.

ಆ ಅಮ್ಮನಿಗೆ ನಾನು ಮೊದಲು ಹೇಳಿದ್ದು ಚೋಟುವಿನ ಪೂರ್ವಿಕರ ಕತೆ. ಇಂಗ್ಲೆಂಡಿನ ಪಾದ್ರಿ ಜಾನ್ ರಸೆಲ್ ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದಾಗ, 1819ರಲ್ಲಿ, ಹಾಲು ಮಾರುವವನೊಬ್ಬನ ಹತ್ತಿರ ಟ್ರಂಪ್ ಎಂಬ ಹೆಣ್ಣು ಟೆರಿಯರನ್ನು ಕಂಡು ಅಲ್ಲೇ ಕೊಂಡುಕೊಂಡ. ಈ ತಳಿಯ ಕತೆ ಶುರುವಾಗುವುದು ಅಲ್ಲಿಂದ. ಅವನಿಗೆ ಬೇಕಾಗಿದ್ದು ನರಿಯ ಬಿಲದೊಳಗೆ ಒಬ್ಬಂಟಿಯಾಗಿ ನುಗ್ಗುವ ನಾಯಿ. ಬಿಲ ಚಿಕ್ಕದಾದರೆ ಅದು ತೋಡಬೇಕು. ಒಳಗೆ ನರಿ ಎದುರಾದರೆ ಹಿಂದೆ ಸರಿಯಬಾರದು. ಮೇಲೆ ನಿಂತವರಿಗೆ ಎಲ್ಲಿ ಅಗೆಯಬೇಕೆಂದು ತಿಳಿಯಲು ಬಿಡದೆ ಬೊಗಳುತ್ತಿರಬೇಕು. ನೆಲದಡಿ ಯಜಮಾನನ ಮಾತು ಕೇಳಿಸದ ಕಾರಣ ಎಲ್ಲವನ್ನೂ ತಾನೇ ತೀರ್ಮಾನಿಸಬೇಕು. ತೋಡುವುದು, ಬೊಗಳುವುದು, ಹಿಡಿದದ್ದನ್ನು ಬಿಡದಿರುವುದು, ಹೇಳಿದ ಮಾತು ಕೇಳದಿರುವುದು: ಚೋಟುವಿನ ಮೇಲಿರುವ ದೂರುಗಳು ಹೆಚ್ಚುಕಡಿಮೆ ಇವೇ. ಇನ್ನೂರು ವರ್ಷ ಆರಿಸಿ ಆರಿಸಿ ಬೆಳೆಸಿದ ಈ ಗುಣಗಳನ್ನು ಹಿಡಿಸೂಡಿಯ ಪೆಟ್ಟಿನಿಂದ ಬಿಡಿಸುತ್ತೇವೆ ಎಂದು ಹೊರಟರೆ ನಾಯಿ ಕೆಡುತ್ತದೆ, ಗುಣ ಹಾಗೇ ಉಳಿಯುತ್ತದೆ.

ಟೆರಿಯರ್ ಎಂದೊಡನೆ ಪಿಟ್‌ಬುಲ್ ನೆನಪಾಗಿ ಹೆದರುವವರೂ ಇದ್ದಾರೆ. 2024ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ 23 ತಳಿಗಳ ವಿರುದ್ಧ ಹೊರಡಿಸಿದ ಸುತ್ತೋಲೆಯಲ್ಲಿ ಪಿಟ್‌ಬುಲ್ ಟೆರಿಯರ್, ಅಮೆರಿಕನ್ ಸ್ಟಾಫರ್ಡ್‌ಶೈರ್ ಟೆರಿಯರ್ ಇದ್ದವು. ಏಪ್ರಿಲಿನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ರದ್ದು ಮಾಡಿತು. ಜಾಕ್ ರಸೆಲ್ ಆ ಪಟ್ಟಿಯಲ್ಲೇ ಇರಲಿಲ್ಲ.

ಹೊಸ ಮನೆಗೆ ಬಂದ ನಾಯಿಗೆ ಮೊದಲು ಬೇಕಾದದ್ದು ನಿದ್ದೆ. ನಮ್ಮಲ್ಲಿ ಅದೇ ಸಿಗುವುದಿಲ್ಲ. ಬೆಂಗಳೂರಿನಿಂದ ನಾಯಿ ಬಂದಿದೆ ಎಂದರೆ ಅಕ್ಕಪಕ್ಕದವರೆಲ್ಲ ನೋಡಲು ಬರುತ್ತಾರೆ, ಮಕ್ಕಳು ಮುಟ್ಟುತ್ತಾರೆ, ಯಾರೋ ಬಿಸ್ಕತ್ತು ಹಾಕುತ್ತಾರೆ, ಮರುದಿನವೇ ಮರವಂತೆಗೆ ಕರೆದುಕೊಂಡು ಹೋಗಿ ಫೋಟೊ ತೆಗೆಸುತ್ತಾರೆ. ಇಷ್ಟೂ ಆಗುವಾಗ ನಾಯಿ ಬಾಲ ಅಲ್ಲಾಡಿಸುತ್ತಲೇ ಇರಬಹುದು, ಒಳಗೆ ಅದು ತತ್ತರಿಸಿರುತ್ತದೆ. ಬೇರೆಯವರ ನಾಯಿಯನ್ನು ತಂದುಕೊಂಡವರಿಗೆ ನಾಯಿ ಬಲ್ಲವರು ಹೇಳುವ ಒಂದು ಲೆಕ್ಕವಿದೆ. ಮೊದಲ ಮೂರು ದಿನ ದಿಕ್ಕು ತೋಚದ ಸ್ಥಿತಿ. ಮೂರು ವಾರಕ್ಕೆ ಮನೆಯ ದಿನಚರಿ ತಿಳಿದು ನಿಜವಾದ ಸ್ವಭಾವ ಹೊರಬೀಳುತ್ತದೆ. ಮೂರು ತಿಂಗಳಿಗೆ ಇದು ನನ್ನ ಮನೆ ಎಂಬ ಭಾವ ಬರುತ್ತದೆ. ಕರಾರುವಾಕ್ಕಾದ ಲೆಕ್ಕ ಇದಲ್ಲ. ಆದರೂ ಎರಡನೇ ವಾರದಲ್ಲಿ ನಾಯಿ ಹೆಚ್ಚು ತುಂಟಾಟ ಮಾಡಿದರೆ ಗಾಬರಿಪಡಬೇಡಿ ಎಂದು ಹೇಳಲು ಬಹಳ ಉಪಯೋಗಕ್ಕೆ ಬರುತ್ತದೆ. ನಾಯಿ ಮನೆಗೆ ಹೊಂದಿಕೊಳ್ಳುವವರೆಗೆ ಚಾವಡಿಯ ಒಂದು ಮೂಲೆ ಅದರದ್ದೇ ಆಗಿರಲಿ. ಅಲ್ಲಿಗೆ ಮಕ್ಕಳು ಹೋಗಬಾರದು, ನೆಂಟರೂ ಹೋಗಬಾರದು. ಊಟ, ತಿರುಗಾಟ, ಮಲಗುವುದು ದಿನವೂ ಅದದೇ ಹೊತ್ತಿಗೆ ನಡೆಯಲಿ.

ಜತೆಗೆ ಪಶುವೈದ್ಯರಿಗೆ ಒಮ್ಮೆ ತೋರಿಸಲೇಬೇಕು. ಕಿವಿ ಸೋರುವ ನಾಯಿ, ಹಲ್ಲು ನೋವಿರುವ ನಾಯಿ, ಉಣ್ಣಿ ಜ್ವರ ಹಿಡಿದ ನಾಯಿ ಮುಟ್ಟಿದರೆ ಗದರಿಯೇ ಗದರುತ್ತದೆ. ಚೋಟುವಿನ ಎಡಗಿವಿಯಲ್ಲಿ ಸೋಂಕು ಇತ್ತು. ಎತ್ತಿಕೊಳ್ಳುವಾಗ ಮಗುವಿನ ಕೈ ತಾಗಿದ್ದು ಆ ಬದಿಗೇ.

ಈಗ ಆ ‘ಗುರ್’ ವಿಷಯ. ಇದನ್ನು ಎಷ್ಟು ಸಲ ಬರೆದರೂ ನನಗೆ ಸಾಕೆನಿಸುವುದಿಲ್ಲ. ಗುರುಗುಡುವ ನಾಯಿ ಮಾತಾಡುತ್ತಿದೆ, ದೂರ ನಿಲ್ಲಿ ಎಂದು ಹೇಳುತ್ತಿದೆ. ಅದಕ್ಕೂ ಮೊದಲು ಬೇರೆ ರೀತಿಯಲ್ಲಿ ಹೇಳಿರುತ್ತದೆ. ಚೋಟು ಚಪ್ಪಲಿಯೊಂದಿಗೆ ಬೆಂಚಿನಡಿ ಕೂತಾಗ ನಾನು ಆಚೆ ಬದಿಯಲ್ಲಿ ನೆಲದ ಮೇಲೆ ಕೂತು ನೋಡಿದೆ. ಯಾರಾದರೂ ನಾಲ್ಕು ಹೆಜ್ಜೆ ದೂರಕ್ಕೆ ಬಂದಾಗ ಅಗಿಯುವುದು ನಿಲ್ಲುತ್ತದೆ. ಮೂರು ಹೆಜ್ಜೆಗೆ ಮೈ ಮರದಂತೆ ಸೆಟೆಯುತ್ತದೆ, ತಲೆ ಚಪ್ಪಲಿಯ ಮೇಲೆ ತಗ್ಗುತ್ತದೆ, ಕಣ್ಣಿನ ಅಂಚಿನಲ್ಲಿ ಬಿಳಿ ಕಾಣಿಸುತ್ತದೆ. ಎರಡು ಹೆಜ್ಜೆಗೆ ತುಟಿ ಮೇಲೇಳುತ್ತದೆ. ಗುರ್ ಬರುವುದು ಇಷ್ಟೆಲ್ಲ ಆದ ಮೇಲೆ. ಅದಕ್ಕೆ ಹೊಡೆದರೆ ನಾಯಿ ಕಲಿಯುವುದು ಒಂದೇ: ಎಚ್ಚರಿಕೆ ಕೊಟ್ಟರೆ ಪೆಟ್ಟು ಬೀಳುತ್ತದೆ. ಮುಂದಿನ ಸಲ ಅದು ಸದ್ದಿಲ್ಲದೆ ಕಚ್ಚುತ್ತದೆ. ‘ಏನೂ ಮಾಡದೆ ಇದ್ದ ನಾಯಿ ಒಮ್ಮೆಲೇ ಕಚ್ಚಿತು’ ಎನ್ನುವ ಮನೆಗಳಲ್ಲಿ ವಿಚಾರಿಸಿದರೆ ಬಹಳ ಸಲ ಈ ಹಿನ್ನೆಲೆ ಸಿಗುತ್ತದೆ.

ಹಿರಿಯಮ್ಮನ ಕೈಗೆ ಬೇಯಿಸಿದ ಮೊಟ್ಟೆಯ ತುಂಡುಗಳನ್ನು ಕೊಟ್ಟೆವು. ನಾಲ್ಕು ಹೆಜ್ಜೆ ದೂರದಲ್ಲೇ ನಿಂತು ಒಂದು ತುಂಡು ಎಸೆಯಬೇಕು, ತಿರುಗಿ ಹೋಗಬೇಕು. ಚಪ್ಪಲಿಯ ಕಡೆ ನೋಡುವುದೂ ಬೇಡ. ಮೊದಮೊದಲು ಚೋಟು ಗುಮಾನಿಯಿಂದಲೇ ತಿಂದ. ಆಮೇಲೆ ಅಮ್ಮನ ಹೆಜ್ಜೆ ಸದ್ದಿಗೆ ತಲೆ ಎತ್ತತೊಡಗಿದ. ಅಮ್ಮ ಬಂದರೆ ಇದ್ದದ್ದು ಹೋಗುವುದಿಲ್ಲ, ಇಲ್ಲದ್ದು ಬರುತ್ತದೆ ಎಂಬುದು ಅವನಿಗೆ ಮನದಟ್ಟಾಯಿತು. ಈಗ ಅವನೇ ಚಪ್ಪಲಿ ಬಿಟ್ಟು ಹೊರಗೆ ಬರುತ್ತಾನೆ. ಅವನು ದೂರ ಹೋಗಿ ತಿನ್ನುವಾಗ ಮನೆಯವರು ಚಪ್ಪಲಿ ಎತ್ತಿಡುತ್ತಾರೆ. ಚಪ್ಪಲಿಗಳು ಕಪಾಟು ಸೇರಿರುವುದೂ ಈ ಚಿಕಿತ್ಸೆಯ ಭಾಗ. ಊಟದ ತಟ್ಟೆಗೆ ಕೈ ಹಾಕಿ ‘ಯಜಮಾನ ಯಾರೆಂದು ತೋರಿಸುವ’ ಹಳೆಯ ಉಪದೇಶವನ್ನು ದಯವಿಟ್ಟು ಯಾರೂ ಪಾಲಿಸಬೇಡಿ.

ಸದ್ದಿನ ಭಯ ಇನ್ನೊಂದು ದೊಡ್ಡ ತಲೆನೋವು. ಕರಾವಳಿಯಲ್ಲಿ ಇದಕ್ಕೆ ಬಿಡುವಿನ ತಿಂಗಳು ಕಡಿಮೆ. ಜೂನಿನಲ್ಲಿ ಗುಡುಗು, ಹೆಂಚಿನ ಮೇಲೆ ಬಡಿಯುವ ಮಳೆ, ಹೋದ ಕರೆಂಟು. ಮಳೆ ಮುಗಿಯಿತೆಂದರೆ ದೀಪಾವಳಿಯ ಪಟಾಕಿ. ಆಮೇಲೆ ಮಂದಾರ್ತಿ, ಮಾರಣಕಟ್ಟೆ ಯಕ್ಷಗಾನ ಮೇಳಗಳ ತಿರುಗಾಟ ಶುರುವಾಗಿ ಮನೆಯ ಹತ್ತಿರದ ಬಯಲಲ್ಲಿ ರಾತ್ರಿ ಚೆಂಡೆ. ನಮಗೆ ಮೈ ನವಿರೇಳಿಸುವ ಆ ಪೆಟ್ಟು ಎಂಟನೇ ಮಹಡಿಯಲ್ಲಿ ಬೆಳೆದ ನಾಯಿಗೆ ಆಕಾಶ ಬಿದ್ದ ಹಾಗೆ. ಮೊಬೈಲಿನಲ್ಲಿ ಚೆಂಡೆಯನ್ನು ನಾಯಿಯ ಕಿವಿ ಮಾತ್ರ ನಿಮಿರುವಷ್ಟು ಸಣ್ಣ ದನಿಯಲ್ಲಿ ಹಾಕಿ ಊಟ ಕೊಡಿ. ಸದ್ದು ನಿಲ್ಲಿಸಿದೊಡನೆ ತಿಂಡಿಯೂ ನಿಲ್ಲಲಿ. ದಿನ ಕಳೆದಂತೆ ದನಿ ಏರಿಸುತ್ತ ಹೋಗಿ. ನಾಯಿ ತಿನ್ನುವುದನ್ನು ಬಿಟ್ಟಿತು ಎಂದರೆ ಏರಿಸಿದ್ದು ಹೆಚ್ಚಾಯಿತು ಎಂದೇ ಅರ್ಥ. ಮೀನಿನವರ ಹಾರ್ನಿಗೂ ಇದೇ ಮದ್ದು.

ಟೆರಿಯರಿಗೆ ಕೆಲಸ ಕೊಡುವ ವಿಷಯದಲ್ಲಿ ನಮ್ಮ ಹಿತ್ತಿಲಿನಷ್ಟು ಒಳ್ಳೆಯ ಜಾಗ ಬೆಂಗಳೂರಿನ ಯಾವ ಪಾರ್ಕಿನಲ್ಲೂ ಇಲ್ಲ. ತೆಂಗಿನ ಬುಡ ಕೆದರಬಾರದು ಎಂದಾದರೆ ಕೆದರಲು ಅದಕ್ಕೊಂದು ಜಾಗ ಬೇಕು. ಹಿತ್ತಿಲ ಮೂಲೆಯಲ್ಲಿ ಮಂಚದಷ್ಟು ಅಗಲದ ಗುಂಡಿಗೆ ಹೊಯ್ಗೆ ತುಂಬಿಸಿ, ಉಪ್ಪು ಹಾಕದೆ ಬೇಯಿಸಿ ಮುಳ್ಳು ತೆಗೆದ ಬಂಗುಡೆಯ ಚೂರುಗಳನ್ನು ಗೆರಟೆಯಲ್ಲಿಟ್ಟು ಹೂತುಬಿಡಿ. ಮೊದಲ ದಿನ ಅರ್ಧ ಕಾಣುವಂತೆ, ಆಮೇಲೆ ಆಳದಲ್ಲಿ. ಬೆಳಗಿನ ಗಂಜಿಯ ಅನ್ನವನ್ನೂ ತಟ್ಟೆಗೆ ಹಾಕುವ ಬದಲು ಉಂಡೆ ಮಾಡಿ ತರಗೆಲೆಯಲ್ಲಿ ಅಡಗಿಸಿದರೆ ಅರ್ಧ ಗಂಟೆ ಮೂಗಿಗೆ ದುಡಿಮೆ. ಮುಧೋಳದ ನಾಯಿ ಬೇಟೆಯನ್ನು ಕಣ್ಣಿನಿಂದ ಹಿಡಿಯುತ್ತದೆ, ಅದಕ್ಕೆ ಓಡಲು ಬಯಲು ಬೇಕು. ಟೆರಿಯರಿಗೆ ಮೂಗಿನ ಕೆಲಸ ಸಿಕ್ಕರೆ ಐದು ಸೆಂಟ್ಸ್ ಹಿತ್ತಿಲೂ ಸಾಕು, ಮಧ್ಯಾಹ್ನ ಸುಸ್ತಾಗಿ ಮಲಗುತ್ತದೆ. ಕುಂದಾಪುರದ ಕೋಳಿ ಸಾರನ್ನು ಮಾತ್ರ ಪ್ರೀತಿಗೂ ಹಾಕಬೇಡಿ. ನೀರುಳ್ಳಿ ನಾಯಿಯ ರಕ್ತಕ್ಕೆ ಕೆಡುಕು, ಬೆಂದ ಎಲುಬು ಸಿಗಿದು ಕರುಳಿಗೆ ಚುಚ್ಚುತ್ತದೆ.

ಬಿಟ್ಟು ತಿರುಗಾಡಿಸುವ ಆಸೆ ಎಲ್ಲರಿಗೂ ಇರುತ್ತದೆ. ಕರೆದಾಗ ಬರುವುದು ರೂಢಿಯಾಗುವವರೆಗೆ ಉದ್ದ ಹಗ್ಗವೇ ಇರಲಿ. ಗಂಗೊಳ್ಳಿಯ ಬಂದರಿನ ಕಡೆ ಸಿಗುವ ಮೀನುಗಾರಿಕೆಯ ಹಗ್ಗ ಹತ್ತು ಮೀಟರು ಇದ್ದರೆ ಕೋಡಿಯ ಕಡಲತೀರದಲ್ಲಿ ಬೆಳಗಿನ ಜಾವ ಧಾರಾಳ ಓಡಾಡಿಸಬಹುದು. ಹಗ್ಗವನ್ನು ಕೊರಳಪಟ್ಟಿಗೆ ಕಟ್ಟಬೇಡಿ, ಎದೆಪಟ್ಟಿಗೆ ಕಟ್ಟಿ. ಕೈಗೆ ಸುತ್ತಿಕೊಳ್ಳಬೇಡಿ. ಮರವಂತೆಯಲ್ಲಿ ಹೆದ್ದಾರಿ ಕಡಲಿಗೆ ಅಂಟಿಕೊಂಡೇ ಇರುವುದರಿಂದ ಅಲ್ಲಿ ಹಗ್ಗ ಬಿಡುವ ಮಾತೇ ಇಲ್ಲ.

ಹಿತ್ತಿಲಲ್ಲೂ ಅಪಾಯಗಳಿವೆ. ಹುಲ್ಲು ಕುತ್ರೆ, ಸೌದೆ ರಾಶಿ, ಕೆಂಪುಕಲ್ಲಿನ ಒಟ್ಟಿಲು ಇರುವಲ್ಲಿ ಹೆಗ್ಗಣ ಇರುತ್ತದೆ, ಹೆಗ್ಗಣದ ಹಿಂದೆ ನಾಗರಹಾವು ಬರುತ್ತದೆ, ಕೊಳಕುಮಂಡಲವೂ ಬರಬಹುದು. ಟೆರಿಯರ್ ಹಾವನ್ನು ಕಂಡು ಹಿಂದೆ ಸರಿಯುವುದಿಲ್ಲ. ನಾಗನನ್ನು ನಂಬುವ ನಮ್ಮ ಮನೆಗಳಲ್ಲಿ ಸಾಕಿದ ನಾಯಿ ನಾಗರಹಾವನ್ನು ಕೊಂದರೆ ಆಗುವ ಮನಸ್ಸಿನ ಕಳವಳ ಬೇರೆ. ಆ ರಾಶಿಗಳನ್ನು ನಾಯಿ ಬರುವ ಮೊದಲೇ ದೂರ ಸಾಗಿಸಿ. ಹೆಗ್ಗಣ ಹಿಡಿಯುವ ನಾಯಿಗೆ ರೇಬೀಸ್ ಲಸಿಕೆ ಒಂದೇ ಸಾಲದು, ಇಲಿಜ್ವರದ ಲಸಿಕೆಯನ್ನೂ ಕೇಳಿ ಹಾಕಿಸಿ. ನೀರು ನಿಲ್ಲುವ ನಮ್ಮ ಮಳೆಗಾಲದಲ್ಲಿ ಆ ರೋಗ ನಾಯಿಗೂ ಬರುತ್ತದೆ, ಮನುಷ್ಯರಿಗೂ ಬರುತ್ತದೆ. ಬೈಂದೂರಿನ ಕಾಡಂಚಿನ ಮನೆಗಳಲ್ಲಿ ರಾತ್ರಿ ನಾಯಿಯನ್ನು ಹೊರಗೆ ಕಟ್ಟಿದರೆ ಚಿರತೆಗೆ ಕೊಟ್ಟ ಹಾಗೆಯೇ. ಹಗಲಿಡೀ ಸರಪಳಿಯಲ್ಲಿ ಕಟ್ಟಿದ ಟೆರಿಯರ್ ಕಚ್ಚುವುದನ್ನು ಬೇಗ ಕಲಿಯುತ್ತದೆ.

ಕೋಳಿ ಸಾಕುವ ಮನೆಗೆ ಟೆರಿಯರ್ ಬೇಡ. ನಡೆದಾಡಲು ಕಲಿಯುತ್ತಿರುವ ಮಗುವಿರುವ ಮನೆಗೆ, ಗದರುವ ಅಭ್ಯಾಸವಾಗಿರುವ ಟೆರಿಯರ್ ಬೇಡವೇ ಬೇಡ. ಯಾರಿಗಾದರೂ ಹಲ್ಲು ತಾಗಿ ಗಾಯವಾದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು, ಮನೆಯದೇ ನಾಯಿಯಾದರೂ.

ನಾಯಿಯನ್ನು ಊರಿಗೆ ಕಳಿಸುವ ಬೆಂಗಳೂರಿನ ಮಕ್ಕಳಿಗೂ ಒಂದು ಮಾತಿದೆ. ‘ತುಂಬ ಒಳ್ಳೆಯ ನಾಯಿ’ ಎಂದಷ್ಟೇ ಹೇಳಿ ಕಾರಿನಿಂದ ಇಳಿಸಬೇಡಿ. ಯಾವ ಲಸಿಕೆ ಯಾವಾಗ ಆಗಿದೆ, ಏನು ತಿಂದರೆ ಹೊಟ್ಟೆ ಕೆಡುತ್ತದೆ, ಯಾವ ಸದ್ದಿಗೆ ಹೆದರುತ್ತದೆ, ಎಲ್ಲಿ ಮುಟ್ಟಿದರೆ ಗದರುತ್ತದೆ, ಯಾರಿಗಾದರೂ ಕಚ್ಚಿದ್ದುಂಟೋ, ಕಚ್ಚಿದ್ದರೆ ಯಾವ ಸಂದರ್ಭದಲ್ಲಿ: ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಅಮ್ಮನ ಕೈಗೆ ಕೊಡಿ. ಅದು ಮಲಗುತ್ತಿದ್ದ ಹಳೆಯ ಚಾದರವನ್ನು ತೊಳೆಯದೆ ಹಾಗೇ ಕಳಿಸಿ. ಆಮೇಲೆ ವಾರಕ್ಕೊಮ್ಮೆ ಫೋನು ಮಾಡುವಾಗ ನಾಯಿ ಹೇಗಿದೆ ಎಂದು ಕೇಳುವುದರ ಜತೆಗೆ, ಅಮ್ಮನಿಂದ ಅದನ್ನು ನಿಭಾಯಿಸಲು ಆಗುತ್ತಿದೆಯೇ ಎಂದೂ ಕೇಳಿ. ಆಗುತ್ತಿಲ್ಲ ಎಂದರೆ ಬಂದು ಕರೆದುಕೊಂಡು ಹೋಗಿ.