ಜೊತೆಗಾರನಿದ್ದಾನೆ, ಎಷ್ಟು ದೂರದಲ್ಲಿ?

ನಮ್ಮೂರು ಹಿರೇಬೆಂಡಿಗೇರಿಗೂ ಸಮುದ್ರಕ್ಕೂ ನಡುವೆ ಒಂದು ಘಟ್ಟವೇ ಇದೆ. ಆದರೂ ಹಾನಗಲ್ಲ, ಶಿರಸಿ ದಾಟಿ ಮುರ್ಡೇಶ್ವರಕ್ಕೆ ಹೋಗುವ ನಮ್ಮ ಶಿಗ್ಗಾಂವಿ ಕಡೆಯ ಹುಡುಗರಿಗೆ ಈಗ ದೇವರ ದರ್ಶನವೊಂದೇ ಸಾಲದು. ಬೋಟು ಹತ್ತಿ ನೇತ್ರಾಣಿ ದ್ವೀಪದ ಬಳಿ ಸ್ಕೂಬಾ ಮಾಡಿ, ವಿಡಿಯೋ ಸ್ಟೇಟಸ್‌ಗೆ ಹಾಕಿದರೇ ಸಮಾಧಾನ. ಅಂಥ ವಿಡಿಯೋಗಳಲ್ಲಿ ಮೀನಿನತ್ತ ಕೈಬೀಸುವವನ ಬೆನ್ನ ಹಿಂದೆ ಸಿಲಿಂಡರ್ ಹಿಡಿದ ಇನ್ನೊಂದು ಕೈ ಕಾಣುತ್ತದೆ. ಅದು ತರಬೇತುದಾರನದು. ಮೊದಲ ಸಲ ಇಳಿಯುವವರಿಗೆ ಇದು ಸರಿಯಾದ ಏರ್ಪಾಡು, ಅದರ ಬಗ್ಗೆ ನನ್ನ ತಕರಾರಿಲ್ಲ.

ತಕರಾರಿರುವುದು ಮುಂದಿನ ಹಂತದ್ದು. ಕೋರ್ಸು ಮುಗಿಸಿ 18 ಮೀಟರ್‌ವರೆಗೆ ಇಳಿಯುವ ಅರ್ಹತೆ ಪಡೆದವರಿಗೆ ಆ ಕೈ ಇರುವುದಿಲ್ಲ. ಬದಲಿಗೆ ಒಬ್ಬ ಜೊತೆಗಾರ ಇರಬೇಕು. ನಿಯಮ ಚೆನ್ನಾಗಿಯೇ ಇದೆ: ಇಳಿಯುವ ಮುನ್ನ ಒಬ್ಬರ ಜಾಕೆಟ್, ತೂಕದ ಬೆಲ್ಟು, ಬಕಲ್, ಗಾಳಿ ಇನ್ನೊಬ್ಬರು ನೋಡಬೇಕು, ಕೆಳಗೆ ಆಗಾಗ ಗಾಳಿಯ ಮೀಟರ್ ತೋರಿಸಿಕೊಳ್ಳಬೇಕು. ಪಾಲನೆ ಮಾತ್ರ ಸಡಿಲ. ಬೋಟಿನಲ್ಲಿ ಜೋಡಿ ಗೊತ್ತುಮಾಡುತ್ತಾರೆ, ನೀರಿಗಿಳಿದ ಮೇಲೆ ಯಾರ ಪಾಡು ಅವರಿಗೆ. ಕಣ್ಣಳತೆಯಲ್ಲಿ ಇದ್ದರೆ ಜೊತೆಗಿದ್ದ ಹಾಗೆ ಎಂಬ ಲೆಕ್ಕ.

ಈ ಲೆಕ್ಕವೇ ತಪ್ಪು. ಗಾಳಿ ಮುಗಿದದ್ದು ಗೊತ್ತಾಗುವುದು ಹೆಚ್ಚಾಗಿ ಉಸಿರು ಎಳೆದುಕೊಳ್ಳಲು ಹೋದಾಗ, ಅಂದರೆ ಇದ್ದ ಉಸಿರನ್ನು ಹೊರಬಿಟ್ಟಾದ ಮೇಲೆ. ಬರಿದಾದ ಎದೆಯಲ್ಲಿ, ಗಾಬರಿಯಲ್ಲಿ, ಹತ್ತು ಮೀಟರ್ ಈಜಿ ಇನ್ನೊಬ್ಬನ ಬಳಿಯ, ಉಸಿರಾಡುವ ಬಿಡಿ ರೆಗ್ಯುಲೇಟರ್ ಹಿಡಿಯಬೇಕು. ಅವನು ಬೆನ್ನು ಹಾಕಿ ಹೋಗುತ್ತಿದ್ದರಂತೂ ಮುಗಿಯಿತು. ಕೂಗುವಂತಿಲ್ಲ. ಸಿಲಿಂಡರ್ ಬಡಿದು ಸದ್ದು ಮಾಡಿದರೂ, ನೀರಿನಲ್ಲಿ ಶಬ್ದ ಗಾಳಿಗಿಂತ ನಾಲ್ಕು ಪಟ್ಟು ವೇಗವಾಗಿ ಹೋಗುವುದರಿಂದ ಯಾವ ದಿಕ್ಕಿನದೆಂದು ತಿಳಿಯುವುದಿಲ್ಲ. ಕುತ್ತಿಗೆಯ ಮೇಲೆ ಕೈ ಅಡ್ಡ ಆಡಿಸುವ ಸನ್ನೆ ನೋಡುವ ಕಣ್ಣಿಗಷ್ಟೇ ಅರ್ಥವಾಗುತ್ತದೆ. ಎರಡು ಮೀಟರ್ ಒಳಗಿದ್ದವನು ಜೊತೆಗಾರ. ಅದರಾಚೆಗಿನವನು ಅದೇ ಸಮುದ್ರದಲ್ಲಿರುವ ಇನ್ನೊಬ್ಬ, ಅಷ್ಟೇ.

ಕ್ಯಾಮೆರಾ ಹಿಡಿದವನ ಜೋಡಿಯಾಗುವುದು ಇನ್ನೂ ಕಷ್ಟ. ಬಂಡೆಯ ಸಂದಿಯಲ್ಲಿ ಸಿಂಹಮೀನು ಕಂಡರೆ ಅವನು ಅಲ್ಲೇ ನಿಲ್ಲುತ್ತಾನೆ, ಮುಂದಿದ್ದವನು ಹೊರಟುಹೋಗಿರುತ್ತಾನೆ. ಹಿಂಗಾರು ಹಂಗಾಮಿನಲ್ಲಿ ನೇತ್ರಾಣಿಯ ನೀರು ತಿಳಿಯಾಗಿ ದೂರದವರೂ ಕಾಣುವುದರಿಂದ ಮೈಮರೆವು ಹೆಚ್ಚೇ ಹೊರತು ಕಡಿಮೆಯಲ್ಲ.

ಕೆಟ್ಟ ಜೊತೆಗಿಂತ ಒಂಟಿತನ ಮೇಲು ಎನ್ನುವ ಅನುಭವಿಗಳಿದ್ದಾರೆ. ಅವರ ಮಾತಿನಲ್ಲಿ ಸತ್ಯವಿದೆ. ಆದರೆ ಒಂಟಿಯಾಗಿ ಇಳಿಯಲು ತರಬೇತಿ ಪಡೆದವರು ಬೇರೆ ಗಾಳಿಯ ಮೂಲವನ್ನೇ ಹೊತ್ತು ಹೋಗುತ್ತಾರೆ. ನಮ್ಮ ವಾರಾಂತ್ಯದ ಡೈವರ್ ಅದಿಲ್ಲದೆ, ಜೋಡಿಯ ಹೆಸರಿನಲ್ಲಿ ಒಂಟಿಯಾಗಿರುತ್ತಾನೆ.

ಜೊತೆಯೊಂದೇ ಸಾಕೆಂದೂ ಅಲ್ಲ. 1998ರ ಜನವರಿಯಲ್ಲಿ ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಅಮೆರಿಕದ ದಂಪತಿಯನ್ನು ಬಿಟ್ಟು ಬೋಟು ದಡಕ್ಕೆ ಮರಳಿತು. ತಲೆ ಎಣಿಕೆ ತಪ್ಪಿದ್ದು ಗಮನಕ್ಕೆ ಬಂದದ್ದು ಎರಡು ದಿನದ ಮೇಲೆ, ಅವರು ಸಿಗಲೇ ಇಲ್ಲ. 2003ರ 'ಓಪನ್ ವಾಟರ್' ಸಿನಿಮಾಕ್ಕೆ ಪ್ರೇರಣೆ ಆ ಘಟನೆಯೇ.

ಜೋಡಿ ತಪ್ಪಿದರೆ ಒಂದು ನಿಮಿಷ ಸುತ್ತ ಹುಡುಕಿ, ಸಿಗದಿದ್ದರೆ ನಿಧಾನವಾಗಿ ಮೇಲೆ ಬರಬೇಕೆಂಬ ನಿಯಮವೇ ಎಲ್ಲಕ್ಕಿಂತ ಹೆಚ್ಚು ಮುರಿಯುವಂಥದ್ದು. ದುಡ್ಡು ಕೊಟ್ಟು ಇಷ್ಟು ದೂರ ಬಂದು, ಹತ್ತೇ ನಿಮಿಷಕ್ಕೆ ಡೈವ್ ಕೈಬಿಡಲು ಯಾರಿಗೂ ಮನಸ್ಸಾಗದು. ಅವನು ಮೇಲೆ ಹೋಗಿರಬಹುದು ಎಂದು ಇವನು ಕೆಳಗೆ ಉಳಿಯುತ್ತಾನೆ, ಇವನು ಬರಬಹುದು ಎಂದು ಅವನು ಮೇಲೆ ಕಾಯುತ್ತಾನೆ. ಬೋಟು ಹೊರಡುವ ಮುನ್ನ ಕೊಡುವ ಸೂಚನೆಗಳಲ್ಲಿ ಆ ಒಂದು ನಿಮಿಷದ ಮಾತಿಗೆ, ಯಾವ ಮೀನು ಎಲ್ಲಿ ಸಿಗುತ್ತದೆ ಎಂಬುದಕ್ಕಿಂತ ಹೆಚ್ಚು ಹೊತ್ತು ಕೊಡಲಿ.