ಅಂಗಿ ಚೆನ್ನಾಗಿದೆ, ಅಳತೆ ಯಾರದು?

ಪುಸ್ತಕ ವಿಮರ್ಶೆಗೆ ನಮ್ಮಲ್ಲಿ ದೊಡ್ಡ ಪರಂಪರೆಯೇ ಇದೆ. ನಾಟಕ, ಸಿನಿಮಾ, ಸಂಗೀತಗಳನ್ನೂ ನಾವು ವಿಮರ್ಶೆಯ ತಕ್ಕಡಿಯಲ್ಲಿಟ್ಟು ತೂಗಿದ್ದೇವೆ. ಮುಖಪುಟ ರಚಿಸಿದ ಕಲಾವಿದರನ್ನು ಒಂದು ಸಾಲಿನಲ್ಲಾದರೂ ನೆನೆಯುವ ಸೌಜನ್ಯ ನಮಗಿದೆ. ಆದರೆ ಇಂದು ಕನ್ನಡದ ಬಹಳಷ್ಟು ಬರಹ ಕಾಗದದ ಮೇಲಲ್ಲ, ಕಂಪ್ಯೂಟರ್ ಮತ್ತು ಮೊಬೈಲಿನ ಪರದೆಯ ಮೇಲೆ ಓದುಗರನ್ನು ಮುಟ್ಟುತ್ತಿದೆ. ಆ ಬರಹ ಯಾವ ಉಡುಪು ತೊಟ್ಟು ನಮ್ಮ ಮುಂದೆ ನಿಲ್ಲುತ್ತದೆ? ಆ ಉಡುಪನ್ನು ಹೊಲಿದವರು ಯಾರು? ಯಾರ ಅಳತೆಗೆ ಹೊಲಿದರು? ಈ ಪ್ರಶ್ನೆಗಳು ತಂತ್ರಜ್ಞರಿಗೆ ಸೇರಿದವು ಎಂದು ಸಾಹಿತ್ಯಲೋಕ ಕೈತೊಳೆದುಕೊಂಡಿದೆ. ನಮ್ಮ ಪ್ರಕಾರ ಇವು ಸಂಸ್ಕೃತಿಯ ಪ್ರಶ್ನೆಗಳು.

ಉದಾಹರಣೆಗೆ ವರ್ಡ್‌ಪ್ರೆಸ್ಸನ್ನೇ ತೆಗೆದುಕೊಳ್ಳೋಣ. ಮ್ಯಾಟ್ ಮುಲೆನ್‌ವೆಗ್ ಮತ್ತು ಮೈಕ್ ಲಿಟಲ್ ಸೇರಿ 2003ರ ಮೇ ತಿಂಗಳಲ್ಲಿ ಹೊರತಂದ ಈ ತಂತ್ರಾಂಶ ಬ್ಲಾಗ್ ಬರೆಯುವವರಿಗಾಗಿ ಹುಟ್ಟಿದ್ದು. ಇಂದು ಜಗತ್ತಿನ ಹತ್ತು ಜಾಲತಾಣಗಳಲ್ಲಿ ಸುಮಾರು ನಾಲ್ಕು ಇದರ ಮೇಲೆಯೇ ನಡೆಯುತ್ತವೆ. ಕನ್ನಡದ ಎಷ್ಟೋ ಬ್ಲಾಗುಗಳಿಗೂ ಜಾಲ ಪತ್ರಿಕೆಗಳಿಗೂ ಇದೇ ನೆಲೆ. ಇದನ್ನು ಯಾರು ಬೇಕಾದರೂ ಉಚಿತವಾಗಿ ಬಳಸಬಹುದು, ಬದಲಿಸಬಹುದು, ಹಂಚಬಹುದು. 2005ರ ಫೆಬ್ರವರಿಯಲ್ಲಿ ಬಂದ ಇದರ 1.5ನೇ ಆವೃತ್ತಿ ‘ಥೀಮ್’ ಎಂಬ ವ್ಯವಸ್ಥೆಯನ್ನು ತಂದಿತು. ಬರಹ ಒಂದು ಕಡೆ, ಅದರ ಹೊರರೂಪ ಇನ್ನೊಂದು ಕಡೆ. ಬಣ್ಣ, ಅಕ್ಷರದ ಗಾತ್ರ, ಸಾಲುಗಳ ಅಂತರ, ಪುಟದ ಅಗಲ ಇವೆಲ್ಲ ಕೆಲವೇ ಕಡತಗಳಲ್ಲಿ ಅಡಕವಾಗಿರುತ್ತವೆ. ಒಂದು ಥೀಮ್ ತೆಗೆದು ಇನ್ನೊಂದು ತೊಡಿಸಿದರೆ ಬರಹದ ಒಂದಕ್ಷರವೂ ಬದಲಾಗದೆ ಇಡೀ ತಾಣದ ಚಹರೆ ಬದಲಾಗುತ್ತದೆ. ಬಲ್ಲವರು ಯಾರೇ ಆದರೂ ಥೀಮ್ ತಯಾರಿಸಿ ಎಲ್ಲರ ಬಳಕೆಗೆ ಕೊಡಬಹುದು. ಸಾವಿರಾರು ಮಂದಿ ಕೊಟ್ಟಿದ್ದಾರೆ.

ಈ ಕೊಡುಗೆಗಳಲ್ಲಿ ಅತ್ಯಂತ ಹೆಸರಾದದ್ದು ‘ಕ್ಯೂಬ್ರಿಕ್’. ಡೆನ್ಮಾರ್ಕ್‌ನ ಮೈಕೆಲ್ ಹೈಲ್‌ಮನ್ ಇದನ್ನು ರೂಪಿಸಿದರು. ಮೇಲೆ ದುಂಡು ಮೂಲೆಗಳ ನೀಲಿ ಪಟ್ಟಿ, ಕೆಳಗೆ 760 ಪಿಕ್ಸೆಲ್ ಅಗಲದ ಬಿಳಿ ಹಾಳೆ. ಅಷ್ಟೇ. ಅಬ್ಬರವಿಲ್ಲದ, ಕಣ್ಣಿಗೆ ತಂಪಾದ ವಿನ್ಯಾಸ. 2005ರಿಂದ 2010ರ ಜೂನ್‌ವರೆಗೆ, ‘ಟ್ವೆಂಟಿ ಟೆನ್’ ಬರುವ ತನಕ, ಹೊಸದಾಗಿ ವರ್ಡ್‌ಪ್ರೆಸ್ ಅಳವಡಿಸಿದವರಿಗೆಲ್ಲ ಮೊದಲು ಕಾಣುತ್ತಿದ್ದುದು ಇದೇ ಮುಖ. ಬರಹವೇ ಮುಖ್ಯ, ಅಲಂಕಾರ ನಂತರ ಎಂಬ ವಿವೇಕ ಅದರಲ್ಲಿತ್ತು. ಇಂಗ್ಲಿಷ್ ಬರಹಕ್ಕೆ ಆ ಕಾಲದಲ್ಲಿ ಅದಕ್ಕಿಂತ ಹಿತವಾದ ಉಚಿತ ಉಡುಪು ಸಿಗುವುದು ಕಷ್ಟವಿತ್ತು.

ಕನ್ನಡಕ್ಕೆ? ಕ್ಯೂಬ್ರಿಕ್ಕಿನಲ್ಲಿ ಬರಹದ ಅಕ್ಷರಗಾತ್ರ ಲೆಕ್ಕ ಹಾಕಿದರೆ ಸುಮಾರು 12 ಪಿಕ್ಸೆಲ್. ಇಂಗ್ಲಿಷಿನ ಅಕ್ಷರಕ್ಕೆ ಅದು ಸಾಕು. ಆದರೆ ಅಂದು ಬಹುಪಾಲು ಕಂಪ್ಯೂಟರುಗಳಲ್ಲಿದ್ದುದು ವಿಂಡೋಸ್ ಎಕ್ಸ್‌ಪಿ, ಅದರಲ್ಲಿದ್ದ ಕನ್ನಡದ ಫಾಂಟ್ ‘ತುಂಗ’. ತುಂಗದ ಅಕ್ಷರಗಳು ಮೊದಲೇ ಚಿಕ್ಕವು. 12 ಪಿಕ್ಸೆಲ್‌ನಲ್ಲಿ ಒತ್ತಕ್ಷರಗಳು ಇರುವೆ ಸಾಲಿನಂತೆ ಕಾಣುತ್ತಿದ್ದವು. ಜೊತೆಗೆ ಸಾಲಿನ ಎರಡೂ ಅಂಚುಗಳನ್ನು ಸಮ ಮಾಡುವ ನಿಯಮ ಬೇರೆ. ಕನ್ನಡದ ಪದಗಳು ಉದ್ದ. ವಿಭಕ್ತಿ, ಪ್ರತ್ಯಯ, ಸಂಧಿ ಎಲ್ಲ ಸೇರಿ ಒಂದೇ ಪದ ಅರ್ಧ ಸಾಲನ್ನು ನುಂಗುವುದುಂಟು. ಪದ ಒಡೆಯಲು ಬಾರದ ಬ್ರೌಸರ್, ಉಳಿದ ಪದಗಳ ನಡುವೆ ಹಳ್ಳ ತೋಡಿ ಸಾಲನ್ನು ತುಂಬಿಸುತ್ತಿತ್ತು. ಕನ್ನಡ ಬ್ಲಾಗು ಓದುವುದು ಕಣ್ಣಿಗೆ ಶ್ರಮ ಎಂಬ ದೂರಿಗೆ ಬರಹಗಾರರು ಕಾರಣರಾಗಿರಲಿಲ್ಲ, ಭಾಷೆಯೂ ಕಾರಣವಾಗಿರಲಿಲ್ಲ. ಬೇರೆಯವರ ಅಳತೆಗೆ ಹೊಲಿದ ಅಂಗಿಯನ್ನು ನಾವು ತೊಟ್ಟಿದ್ದೆವು.

ಇದನ್ನು ಹೈಲ್‌ಮನ್ ಅವರ ಅಪರಾಧ ಎನ್ನಲಾಗದು. ಅವರು ತಮಗೆ ಗೊತ್ತಿದ್ದ ಲಿಪಿಗೆ ಹೊಲಿದರು, ಹೊಲಿದದ್ದನ್ನು ಧಾರಾಳವಾಗಿ ಕೊಟ್ಟರು. ಆದರೆ ಕೊಡುಗೆಗೂ ಒಂದು ಅಳತೆ ಇರುತ್ತದೆ ಮತ್ತು ಆ ಅಳತೆ ಕೊಟ್ಟವರದೇ ಆಗಿರುತ್ತದೆ ಎಂಬುದನ್ನು ಪಡೆದವರು ಮರೆಯಬಾರದು.

ನಮ್ಮ ಲಿಪಿಯ ಅಗತ್ಯಗಳೇ ಬೇರೆ. ಇಂಗ್ಲಿಷಿನ ಅಕ್ಷರ ಸಾಲಿನ ಮೇಲೆ ಕೂತಿರುತ್ತದೆ. ಕನ್ನಡದ ಅಕ್ಷರ ಮೇಲಕ್ಕೂ ಕೆಳಕ್ಕೂ ಬೆಳೆಯುತ್ತದೆ. ಮೇಲೆ ತಲೆಕಟ್ಟು, ಗುಡಿಸು; ಕೆಳಗೆ ಒತ್ತು, ಒತ್ತಿಗೊಂದು ಒತ್ತು. ‘ಸ್ತ್ರೀ’, ‘ರಾಷ್ಟ್ರ’, ‘ಜ್ಯೋತ್ಸ್ನೆ’ ಎಂದು ಶೀರ್ಷಿಕೆಯಲ್ಲಿ ಬರೆದು ನೋಡಿ. ಸಾಲಿನ ಎತ್ತರವನ್ನು ಬಿಗಿಯಾಗಿ ಕಟ್ಟಿದ ಥೀಮಿನಲ್ಲಿ ಕೆಳಗಿನ ಒತ್ತು ಮುಂದಿನ ಸಾಲಿನ ತಲೆಗೆ ಬಡಿಯುತ್ತದೆ, ಇಲ್ಲವೇ ಅರ್ಧಕ್ಕೆ ಕತ್ತರಿಸಿಹೋಗುತ್ತದೆ. ಕೊಂಡಿಗಳ ಕೆಳಗೆ ಎಳೆಯುವ ಗೆರೆ ಒತ್ತಕ್ಷರದ ಹೊಟ್ಟೆಯನ್ನು ಸೀಳಿಕೊಂಡು ಹೋಗುತ್ತದೆ. ಕನ್ನಡಕ್ಕೆ ಓರೆ ಅಕ್ಷರದ ಸಂಪ್ರದಾಯವಿಲ್ಲ. ಉದ್ಧರಣೆಗಳನ್ನೆಲ್ಲ ಓರೆಯಾಗಿಸುವ ಥೀಮ್, ನೆಟ್ಟಗಿದ್ದ ಅಕ್ಷರವನ್ನು ಬಲವಂತವಾಗಿ ವಾಲಿಸುತ್ತದೆ. ಲೇಖನದ ಮೊದಲಕ್ಷರವನ್ನು ದೊಡ್ಡದು ಮಾಡುವ ಅಲಂಕಾರದಲ್ಲಿ ‘ಸ್ವಾತಂತ್ರ್ಯ’ದ ಸಕಾರವೂ ಅದರ ವಕಾರದ ಒತ್ತೂ ಬೇರೆ ಬೇರೆಯಾಗುವ ಸಂಭವವಿದೆ. ಇವೆಲ್ಲ ಸಣ್ಣ ಸಂಗತಿಗಳೆಂದು ತೋರಬಹುದು. ಆದರೆ ಕಾಗದದ ಪುಸ್ತಕದಲ್ಲಿ ಇಂಥ ಒಂದು ಪುಟ ಬಂದರೂ ಅಚ್ಚುಕೂಟದವರನ್ನು ನಾವು ಸುಮ್ಮನೆ ಬಿಡುತ್ತಿದ್ದೆವೆಯೇ?

ಕ್ಯೂಬ್ರಿಕ್ ಹಳೆಯ ಮಾತು ಎನ್ನುವವರಿಗೆ 2019ರ ಕೊನೆಯಲ್ಲಿ ಬಂದ ‘ಟ್ವೆಂಟಿ ಟ್ವೆಂಟಿ’ ಥೀಮನ್ನು ತೋರಿಸಬೇಕು. ಸ್ವೀಡನ್ನಿನ ವಿನ್ಯಾಸಕ ಆಂಡರ್ಸ್ ನೊರೇನ್ ಉಚಿತವಾಗಿ ಕೊಟ್ಟ ‘ಚಾಪ್ಲಿನ್’ ಎಂಬ ಥೀಮೇ ಇದರ ಮೂಲ. ಒಬ್ಬ ವ್ಯಕ್ತಿಯ ಕೊಡುಗೆ ಇಡೀ ಲೋಕದ ಪೂರ್ವನಿಯೋಜಿತ ಉಡುಪಾಗಬಲ್ಲದು ಎಂಬುದಕ್ಕೆ ಇದು ಸಾಕ್ಷಿ. ಲ್ಯಾಟಿನ್ ಅಲ್ಲದ ಲಿಪಿಗಳಿಗಾಗಿ ಇದರೊಳಗೆ ಪ್ರತ್ಯೇಕ ಕಡತವೊಂದಿದೆ. ಯಾವ ಭಾಷೆಗೆ ಯಾವ ಫಾಂಟ್ ಬಳಸಬೇಕೆಂದು ಅಲ್ಲಿ ಪಟ್ಟಿ ಮಾಡಿದ್ದಾರೆ. ಅರಬಿ ಇದೆ, ಹೀಬ್ರೂ ಇದೆ, ಜಪಾನಿ, ಕೊರಿಯನ್, ಥಾಯ್ ಇವೆ. ಹಿಂದಿ, ಮರಾಠಿ, ನೇಪಾಳಿ, ಬಂಗಾಳಿ, ಗುಜರಾತಿಗಳೂ ಇವೆ. ಕನ್ನಡವಿಲ್ಲ. ಆ ಥೀಮಿನಲ್ಲಿ ಅಕ್ಷರಗಳ ನಡುವಣ ಅಂತರವನ್ನು ಕೊಂಚ ಕುಗ್ಗಿಸಲಾಗಿದೆ. ಇಂಗ್ಲಿಷಿಗೆ ಅದು ಸೊಗಸು, ಒತ್ತಕ್ಷರಗಳ ಕನ್ನಡಕ್ಕೆ ಇಕ್ಕಟ್ಟು.

ಇದರಲ್ಲಿ ಪಿತೂರಿ ಹುಡುಕುವುದು ವ್ಯರ್ಥ. ವರ್ಡ್‌ಪ್ರೆಸ್ಸಿನ ಒಳಗಡತಗಳು ಎಲ್ಲರಿಗೂ ತೆರೆದಿವೆ. ಕೊರತೆ ಕಂಡವರು ತಿದ್ದುಪಡಿ ಬರೆದು ಕಳಿಸಬಹುದು, ಅದು ಸರಿಯಿದ್ದರೆ ಸೇರುತ್ತದೆ. ಇಂಥ ಪಟ್ಟಿಗಳು ಯಾರದೋ ಕೃಪೆಯಿಂದ ಬೆಳೆಯುವುದಿಲ್ಲ, ಆಯಾ ಭಾಷೆಯವರು ಹೋಗಿ ಕೂತು ಕೆಲಸ ಮಾಡುವುದರಿಂದ ಬೆಳೆಯುತ್ತವೆ. ಬೆಂಗಳೂರನ್ನು ತಂತ್ರಾಂಶದ ರಾಜಧಾನಿ ಎಂದು ಕೊಂಡಾಡುವ ನಾಡಿನ ಭಾಷೆಗೆ ಆ ಪಟ್ಟಿಯಲ್ಲಿ ಒಂದು ಸಾಲಿನ ಜಾಗ ಇಲ್ಲದಿರುವುದು ಯೋಚಿಸಬೇಕಾದ ಸಂಗತಿ.

ಮುಸ್ಲಿಮ್ ಓದುಗರಿಗೆ ಈ ವಿಷಯ ಇನ್ನೂ ಹತ್ತಿರದ್ದು. ಕನ್ನಡದಲ್ಲಿ ಇಸ್ಲಾಮನ್ನು ಕುರಿತು ಬರೆಯುವವರ ಒಂದೇ ಪುಟದಲ್ಲಿ ಎರಡು ಮೂರು ಲಿಪಿಗಳು ಬರುತ್ತವೆ. ಕನ್ನಡ ವಾಕ್ಯಗಳ ನಡುವೆ ಅರಬಿಯ ಒಂದು ಆಯತ್, ಕೆಲವೊಮ್ಮೆ ಉರ್ದುವಿನ ಒಂದು ದ್ವಿಪದಿ. ಅರಬಿ ಬಲದಿಂದ ಎಡಕ್ಕೆ ಹರಿಯುತ್ತದೆ, ಕನ್ನಡ ಎಡದಿಂದ ಬಲಕ್ಕೆ. ಎಡದಿಂದ ಬಲಕ್ಕೆ ಮಾತ್ರ ಯೋಚಿಸಿದ ಪುಟದಲ್ಲಿ ಆಯತ್ತಿನ ಕೊನೆಯ ಚುಕ್ಕಿ ಆರಂಭಕ್ಕೆ ಹಾರುತ್ತದೆ, ಕಂಸಗಳು ತಿರುಗುಮುರುಗಾಗುತ್ತವೆ. ಸಾಲಿನ ಎತ್ತರ ಸಾಲದಿದ್ದರೆ ಅಕ್ಷರದ ಮೇಲೆ ಕೆಳಗೆ ಇರುವ ಹರಕತ್‌ಗಳು ಒಂದಕ್ಕೊಂದು ತಾಗುತ್ತವೆ. ಪವಿತ್ರ ಕುರ್‌ಆನಿನ ಪಠ್ಯದಲ್ಲಿ ಒಂದು ಹರಕತ್ ತಪ್ಪಿದರೂ ಅರ್ಥವೇ ಬದಲಾಗಬಹುದು ಎಂಬ ಎಚ್ಚರವಿರುವವರಿಗೆ ಇದು ಅಂದಚಂದದ ಮಾತಲ್ಲ, ಅಮಾನತ್ತಿನ ಮಾತು. ಉರ್ದುವಿನ ನಸ್ತಾಲೀಖ್ ಬರಹವಂತೂ ಮೇಲಿನಿಂದ ಕೆಳಕ್ಕೆ ಇಳಿಜಾರಾಗಿ ಹರಿಯುವುದರಿಂದ ಇನ್ನೂ ಹೆಚ್ಚು ಎತ್ತರ ಕೇಳುತ್ತದೆ.

ಬಲದಿಂದ ಎಡಕ್ಕೆ ಬರೆಯುವ ಭಾಷೆಗಳಿಗೆ ಬೆಂಬಲವಿದೆ ಎಂದು ಅನೇಕ ಥೀಮ್‌ಗಳು ಹೇಳಿಕೊಳ್ಳುತ್ತವೆ, ಅದು ನಿಜವೂ ಹೌದು. ಆದರೆ ಆ ಬೆಂಬಲದ ಅರ್ಥವೇನು? ತಾಣದ ಭಾಷೆ ಅರಬಿ ಅಥವಾ ಉರ್ದು ಆದಾಗ ಇಡೀ ಪುಟ ಕನ್ನಡಿಯ ಬಿಂಬದಂತೆ ತಿರುಗುತ್ತದೆ. ಕೈರೋದ ಪತ್ರಿಕೆಗೆ ಅದು ಸರಿ. ಕನ್ನಡ ಪುಟದೊಳಗೆ ದ್ವೀಪದಂತೆ ಕೂತಿರುವ ನಾಲ್ಕು ಸಾಲಿನ ಅರಬಿಗೆ ಅದರಿಂದ ಪ್ರಯೋಜನವಿಲ್ಲ. ಅದಕ್ಕೆ ಬೇಕಾದದ್ದು, ಈ ತುಣುಕು ಅರಬಿ ಎಂದು ಗುರುತಿಸಿದೊಡನೆ ಅದಕ್ಕೆ ತಕ್ಕ ಫಾಂಟ್, ಗಾತ್ರ, ಎತ್ತರ, ದಿಕ್ಕು ಒದಗಿಸುವ ಕೆಲವು ನಿಯಮಗಳು. ಹತ್ತಿಪ್ಪತ್ತು ಸಾಲುಗಳ ಕೆಲಸ. ಆದರೆ ಕೈರೋದ ವಿನ್ಯಾಸಕರಿಗೂ ಕ್ಯಾಲಿಫೋರ್ನಿಯಾದ ವಿನ್ಯಾಸಕರಿಗೂ ಇದು ಹೊಳೆಯಲಾರದು, ಏಕೆಂದರೆ ಅವರ ಬದುಕಿನಲ್ಲಿ ಇಂಥ ಪುಟವಿಲ್ಲ. ನಮ್ಮ ಬದುಕಿನಲ್ಲಿದೆ.

ಇನ್ನು ಕೊಡುವುದರ ನೀತಿಯ ಬಗ್ಗೆ. ಬೇಸಿಗೆಯಲ್ಲಿ ದಾರಿಹೋಕರಿಗೆ ಅರವಟ್ಟಿಗೆ ಇಡುವುದು ಈ ನಾಡಿನ ಹಳೆಯ ಪದ್ಧತಿ. ನೀರು ಕುಡಿದವನ ಜೇಬಿಗೆ ಗೊತ್ತಾಗದಂತೆ ಅಂಗಡಿಯ ಚೀಟಿ ತುರುಕಿದರೆ ಅದು ಅರವಟ್ಟಿಗೆಯಲ್ಲ. ಥೀಮ್‌ಗಳ ಲೋಕದಲ್ಲಿ ನಡೆದದ್ದು ಇದೇ. ಹಣ ಪಡೆದು ಸಾಲ, ಜೂಜು, ಔಷಧಿ ಮಾರುವವರ ಕೊಂಡಿಗಳನ್ನು ಪುಟದ ಅಡಿಯಲ್ಲಿ ಸೇರಿಸಿದ ‘ಪ್ರಾಯೋಜಿತ’ ಥೀಮ್‌ಗಳು ಹಬ್ಬಿದವು. ಬಳಸಿದ ಬರಹಗಾರರಿಗೆ ತಮ್ಮ ಪುಟ ಯಾರಿಗೆ ಪ್ರಚಾರ ಮಾಡುತ್ತಿದೆ ಎಂಬ ಅರಿವೇ ಇರಲಿಲ್ಲ. 2007ರಲ್ಲಿ ವರ್ಡ್‌ಪ್ರೆಸ್ ಬಳಗ ಇವುಗಳನ್ನು ಹೊರಗಿಡಲು ನಿರ್ಧರಿಸಿತು. 2008ರಲ್ಲಿ ಹೊಸ ಥೀಮ್ ಭಂಡಾರ ತೆರೆಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ನಿಯಮ ಮೀರಿದ ಸುಮಾರು 200 ಥೀಮ್‌ಗಳನ್ನು ಅಲ್ಲಿಂದ ತೆಗೆದುಹಾಕಲಾಯಿತು. ಭಂಡಾರದ ನಿಯಮ ಸರಳ: ಥೀಮಿನ ಎಲ್ಲ ಭಾಗಗಳೂ ಮುಕ್ತ ಪರವಾನಗಿಯಲ್ಲಿರಬೇಕು, ತಯಾರಿಸಿದವರು ತಮ್ಮ ಹೆಸರಿನ ಒಂದು ಕೊಂಡಿಯನ್ನು ಅಡಿಯಲ್ಲಿ ಹಾಕಿಕೊಳ್ಳಬಹುದು, ಅದೂ ಗುಟ್ಟಾಗಿರಬಾರದು.

ದುಡಿಮೆಗೆ ಪ್ರತಿಫಲ ಕೇಳುವುದು ತಪ್ಪಲ್ಲ. ಬೆಲೆ ಹೇಳಿ ಥೀಮ್ ಮಾರುವ ಸಾವಿರಾರು ಮಂದಿ ಇದ್ದಾರೆ, ಅದು ನೇರ ವ್ಯಾಪಾರ. ತಪ್ಪಿರುವುದು ದಾನದ ಹೆಸರಿನಲ್ಲಿ ಬೆಲೆಯನ್ನು ಬಚ್ಚಿಡುವುದರಲ್ಲಿ. ಕೊಟ್ಟದ್ದನ್ನು ಎತ್ತಿ ಆಡಿ, ಪಡೆದವರನ್ನು ನೋಯಿಸಿ ದಾನವನ್ನು ವ್ಯರ್ಥಗೊಳಿಸಬೇಡಿರೆಂದು ಕುರ್‌ಆನ್ ಎಚ್ಚರಿಸುತ್ತದೆ. ಗುಟ್ಟಾಗಿ ವಸೂಲು ಮಾಡುವುದು ಅದಕ್ಕಿಂತಲೂ ಒಂದು ಹೆಜ್ಜೆ ಮುಂದೆ ಹೋದಂತೆ. ಮನುಷ್ಯ ಸತ್ತ ಮೇಲೂ ಪುಣ್ಯ ತರುವ ಕರ್ಮಗಳಲ್ಲಿ ನಿರಂತರ ದಾನವನ್ನೂ ಉಪಯುಕ್ತ ಜ್ಞಾನವನ್ನೂ ಪ್ರವಾದಿ(ಸ) ಹೆಸರಿಸಿದ್ದಾರೆ. ಬಾವಿ ತೋಡಿಸುವುದು, ಮುಸಾಫಿರ್‌ಖಾನೆ ಕಟ್ಟಿಸುವುದು ಇದರಲ್ಲಿ ಸೇರುತ್ತವೆ ಎಂಬುದರಲ್ಲಿ ಯಾರಿಗೂ ಸಂದೇಹವಿಲ್ಲ. ಅಪರಿಚಿತ ಬರಹಗಾರನ ಮಾತು ಅಪರಿಚಿತ ಓದುಗನಿಗೆ ಕಣ್ಣು ನೋಯದಂತೆ ತಲುಪಲು ದಾರಿ ಮಾಡಿಕೊಡುವುದೂ ಏಕೆ ಸೇರಬಾರದು?

ಇದು ಬರಿಯ ಆಶಯವಲ್ಲ, ಮಾಡಿ ತೋರಿಸಿದವರಿದ್ದಾರೆ. ಈಜಿಪ್ಟಿನ ಖಾಲಿದ್ ಹುಸ್ನಿ, ಕೈರೋದ ಪ್ರಸಿದ್ಧ ಬೂಲಾಖ್ ಮುದ್ರಣಾಲಯದ ಹಳೆಯ ನಸ್ಖ್ ಅಚ್ಚುಮೊಳೆಗಳ ಚೆಲುವನ್ನು ಆಧರಿಸಿ ‘ಅಮೀರಿ’ ಎಂಬ ಅರಬಿ ಫಾಂಟ್ ರೂಪಿಸಿ ಜಗತ್ತಿಗೆ ಮುಕ್ತವಾಗಿ ಕೊಟ್ಟರು. ಒಂದು ಲಿಪಿಯ ಅಳತೆಯನ್ನು ಅದರ ಒಳಗಿನಿಂದ ಬಲ್ಲವರು ಕೊಟ್ಟಾಗ ಕೊಡುಗೆ ಹೇಗಿರುತ್ತದೆ ಎಂಬುದಕ್ಕೆ ಅದು ಮಾದರಿ. ಕನ್ನಡಕ್ಕೂ ಈಗ ಬಟ್ಟೆಯ ಕೊರತೆಯಿಲ್ಲ. ನೋಟೊ, ಬಾಲೂ ತಮ್ಮ, ತಿರೋ ಮುಂತಾದ ಮುಕ್ತ ಕನ್ನಡ ಫಾಂಟುಗಳಿವೆ. ಕೊರತೆಯಿರುವುದು ದರ್ಜಿಗಳದ್ದು.

ಕನ್ನಡದ ಥೀಮ್ ಎಂದೊಡನೆ ನಮ್ಮವರಿಗೆ ಹೊಳೆಯುವುದು ಬೇರೆಯೇ. ನೆತ್ತಿಯ ಮೇಲೆ ಹಂಪಿಯ ಕಲ್ಲಿನ ರಥ, ಪಕ್ಕದಲ್ಲಿ ಯಕ್ಷಗಾನದ ಕಿರೀಟ, ಸುತ್ತ ಅರಿಶಿನ ಕುಂಕುಮದ ಬಣ್ಣ. ಇಸ್ಲಾಮೀ ತಾಣವೆಂದರೆ ಹಸಿರು ಹಿನ್ನೆಲೆ, ಮಿನಾರ, ಬಾಲಚಂದ್ರ. ಇವುಗಳ ಬಗ್ಗೆ ನಮಗೆ ತಕರಾರಿಲ್ಲ. ಆದರೆ ಗೋಡೆಗೆ ಚಿತ್ರ ಬಿಡಿಸುವ ಮೊದಲು ಮಾಡು ಸೋರುತ್ತಿದೆಯೇ ಎಂದು ನೋಡಬೇಕು. ಮಿನಾರದ ಚಿತ್ರದ ಕೆಳಗೆ ಆಯತ್ತಿನ ಹರಕತ್ ಕತ್ತರಿಸಿಹೋಗಿದ್ದರೆ, ಕಲ್ಲಿನ ರಥದ ಕೆಳಗೆ ‘ಕರ್ಣಾಟಕ’ದ ಒತ್ತು ನೆಲಕಚ್ಚಿದ್ದರೆ, ಅಲ್ಲಿ ಗುರುತಿನ ಪ್ರದರ್ಶನವಿದೆ, ಗುರುತಿನ ಗೌರವವಿಲ್ಲ.

ಒಂದು ಕಾಲದಲ್ಲಿ ಥೀಮ್ ತಯಾರಿಸಲು ಪ್ರೋಗ್ರಾಮಿಂಗ್ ಚೆನ್ನಾಗಿ ಗೊತ್ತಿರಬೇಕಿತ್ತು. 2022ರ ಜನವರಿಯಲ್ಲಿ ಬಂದ 5.9ನೇ ಆವೃತ್ತಿಯ ನಂತರ ಅದೂ ಸುಲಭವಾಗಿದೆ. ಫಾಂಟ್, ಗಾತ್ರ, ಸಾಲಿನ ಎತ್ತರ, ಬಣ್ಣಗಳನ್ನು ಒಂದೇ ಕಡತದಲ್ಲಿ ಬರೆದಿಡಬಹುದು, ಪುಟದ ಚೌಕಟ್ಟನ್ನು ಪರದೆಯ ಮೇಲೆಯೇ ಜೋಡಿಸಬಹುದು. 2024ರಿಂದ ಫಾಂಟುಗಳನ್ನು ತಾಣದ ಒಳಗಿನಿಂದಲೇ ಸೇರಿಸಿಕೊಳ್ಳುವ ಸೌಲಭ್ಯವೂ ಬಂದಿದೆ. ಕಾಲೇಜಿನಲ್ಲಿ ಕಂಪ್ಯೂಟರ್ ಓದುವ ಹುಡುಗ ಹುಡುಗಿಯರಿಗೆ ಇದು ಕೈಗೆಟುಕುವ ಕೆಲಸ.

ಅವರ ಪಕ್ಕದಲ್ಲಿ ಕನ್ನಡ ಬಲ್ಲ ಮೇಷ್ಟ್ರೊಬ್ಬರು, ಅರಬಿ ಬಲ್ಲ ಉಸ್ತಾದರೊಬ್ಬರು ಕೂತರೆ ಸಾಕು. ಒಬ್ಬರು ಒತ್ತಕ್ಷರವನ್ನು ನೋಡಲಿ, ಇನ್ನೊಬ್ಬರು ಹರಕತ್ತನ್ನು ನೋಡಲಿ. ಸಾಲಿಗೆ ಎತ್ತರ ಕೊಡಿ, ಅಕ್ಷರವನ್ನು ವಾಲಿಸಬೇಡಿ, ಅಂಚು ಸಮ ಮಾಡುವ ಹಟ ಬಿಡಿ, ಕಡಿಮೆ ಬೆಲೆಯ ಮೊಬೈಲಿನಲ್ಲಿ ತೆರೆದು ನೋಡಿ, ಕಣ್ಣು ಮಂಜಾದ ಹಿರಿಯರೊಬ್ಬರಿಂದ ಓದಿಸಿ. ನಂತರ ಮುಕ್ತ ಪರವಾನಗಿಯೊಂದಿಗೆ ಭಂಡಾರಕ್ಕೆ ಸಲ್ಲಿಸಿ. ಪರಿಶೀಲಕರು ತಪ್ಪು ತೋರಿಸುತ್ತಾರೆ, ತಿದ್ದಿ ಮತ್ತೆ ಸಲ್ಲಿಸಿ. ಹಾಗೆ ಬಂದ ಥೀಮನ್ನು ವಿಮರ್ಶಿಸಲು ಈ ಪುಟಗಳಲ್ಲಿ ನಾವು ಸಂತೋಷದಿಂದ ಜಾಗ ಮಾಡಿಕೊಡುತ್ತೇವೆ.