ಸೂರ್ಯಕಾಂತಿಯ ಎಣ್ಣೆಯೂ ಸೆಕೆಯೂ: ‘ಗುಣ’ವೆಂಬ ಮಾತಿನ ವಿಮರ್ಶೆ

ಉಷ್ಣತೆ ಏರಿದಂತೆ ಸೂರ್ಯಕಾಂತಿ ಎಣ್ಣೆಯ ಗುಣ ಕುಂದುವುದೆಂಬ ಮಾತು ಈಚೆಗೆ ರೂಢಿಗೆ ಬಂದಿದೆ. ನಾವು ಇತಿಹಾಸದ ಅಭ್ಯಾಸಿಗಳು. ಸಸ್ಯಶಾಸ್ತ್ರ ನಮ್ಮ ಕ್ಷೇತ್ರವಲ್ಲ. ಆದರೂ ಒಂದು ಶಬ್ದವನ್ನು ಯಾರು ಯಾವ ಅರ್ಥದಲ್ಲಿ ಬಳಸಿದರೆಂದು ಪರೀಕ್ಷಿಸುವುದು ನಮ್ಮ ಕೆಲಸವೇ ಆದುದರಿಂದ, ಈ ಮಾತನ್ನು ಇಲ್ಲಿ ಪರಿಶೀಲಿಸಿದ್ದೇವೆ.

ಕ್ಯಾನ್ವಿನ್ ಎಂಬ ವಿದ್ವಾಂಸರು 1965ರಲ್ಲಿ ಕೆನಡಾದ ಸಸ್ಯಶಾಸ್ತ್ರ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನವು ಈ ವಿಷಯದಲ್ಲಿ ಮುಖ್ಯವಾದುದು. ಎಣ್ಣೆಬೀಜದ ಕೆಲವು ಬೆಳೆಗಳನ್ನು 10ರಿಂದ 26.5 ಡಿಗ್ರಿ ಸೆಲ್ಸಿಯಸ್‌ವರೆಗಿನ ಉಷ್ಣತೆಗಳಲ್ಲಿ ಬೆಳೆಸಿ ನೋಡಿದಾಗ, ಸೂರ್ಯಕಾಂತಿಯಲ್ಲಿ ಸೆಕೆಯೊಡನೆ ಲಿನೋಲಿಯಿಕ್ ಆಮ್ಲ ಇಳಿದು ಓಲಿಯಿಕ್ ಆಮ್ಲ ಏರಿತು; ಕುಸುಬಿಯಲ್ಲಿ ಈ ಪ್ರಮಾಣ ಕದಲಲಿಲ್ಲ. ಓಲಿಯಿಕ್ ಆಮ್ಲವನ್ನು ಲಿನೋಲಿಯಿಕ್ ಆಗಿ ಮಾರ್ಪಡಿಸುವ ಕಿಣ್ವವು ಸೆಕೆಯಲ್ಲಿ ಮಂದವಾಗುವುದೇ ಇದಕ್ಕೆ ಕಾರಣ. ರಾತ್ರಿಯ ಉಷ್ಣತೆಯ ಪ್ರಭಾವವು ತಳಿಯನ್ನೂ ಬೆಳೆಯ ಹಂತವನ್ನೂ ಅವಲಂಬಿಸುವುದೆಂದು ಅರ್ಜೆಂಟೀನಾದ ಸಂಶೋಧಕರು 2002ರಲ್ಲಿ ತೋರಿಸಿದರು.

ಇಲ್ಲಿ ‘ಗುಣ ಕುಂದಿತು’ ಎಂಬ ತೀರ್ಮಾನಕ್ಕೆ ಎಡೆಯೆಲ್ಲಿ? ಲಿನೋಲಿಯಿಕ್ ದೇಹಕ್ಕೆ ಅವಶ್ಯಕ, ನಿಜ. ಆದರೆ ಓಲಿಯಿಕ್ ಹೆಚ್ಚಿದ ಎಣ್ಣೆ ಬೇಗ ಕಮಟುವುದಿಲ್ಲ, ಕರಿಯುವಾಗ ತಾಳಿಕೊಳ್ಳುತ್ತದೆ. ಇದು ಗುಣದ ನಾಶವಲ್ಲ, ಗುಣದ ಮಾರ್ಪಾಟು. ಕಾಳು ತುಂಬುವ ಕಾಲದ ಅತಿಯಾದ ಸೆಕೆಯಿಂದ ಕಾಳು ಜಳ್ಳಾಗಿ ಎಣ್ಣೆಯ ಅಂಶ ತಗ್ಗುವುದು ಬೇರೆಯೇ ವಿಷಯ. ನಿಜವಾದ ನಷ್ಟ ಅದು. ಎರಡನ್ನೂ ಒಂದೇ ಶಬ್ದದಲ್ಲಿ ಅಡಗಿಸುವುದು ಸರಿಯಲ್ಲ.

ಮತ್ತೊಂದು ಆಕ್ಷೇಪ. ಕ್ಯಾನ್ವಿನ್ನರ ಅತ್ಯಧಿಕ ಉಷ್ಣತೆ 26.5 ಡಿಗ್ರಿ, ರಾಯಚೂರು ಸೀಮೆಯ ಏಪ್ರಿಲ್ ಹಗಲು 40 ಡಿಗ್ರಿಯನ್ನು ಮೀರುವುದುಂಟು. ಅವರ ಪ್ರಯೋಗದಿಂದ ಬದಲಾವಣೆಯ ದಿಕ್ಕನ್ನು ತಿಳಿಯಬಹುದು. ಅದರ ಅಂಕಿಗಳನ್ನು ಕಲ್ಲೂರಿನ ಎರೆಹೊಲಕ್ಕೆ ಹಾಗೆಯೇ ಅನ್ವಯಿಸಲಾಗದು. ಹಿಂಗಾರಿನ ಕಾಳು ತಂಪಾದ ರಾತ್ರಿಗಳಲ್ಲಿ ತುಂಬುತ್ತದೆ, ಬೇಸಿಗೆಯದು ಬಿಸಿಯಾದ ರಾತ್ರಿಗಳಲ್ಲಿ. ಒಂದೇ ಹೊಲದ ಎರಡು ಬೆಳೆಗಳ ಎಣ್ಣೆ ಒಂದೇ ಆಗಿರಬೇಕೆಂದೇನೂ ಇಲ್ಲ.

ಇತಿಹಾಸದ ದೃಷ್ಟಿಯಿಂದಲೂ ಒಂದು ಮಾತು. ಸೂರ್ಯಕಾಂತಿಯು ರಷ್ಯಾದ ತಳಿಗಳ ಮೂಲಕ ಎಣ್ಣೆಯ ಬೆಳೆಯಾಗಿ ಭಾರತಕ್ಕೆ ಬಂದುದು 1969ರಲ್ಲಿ. ಕುಸುಬಿ ಈ ಎರೆನೆಲದ ಹಳೆಯ ಹಿಂಗಾರು ಬೆಳೆ. ಆ ಪ್ರಯೋಗದಲ್ಲಿ ಸೆಕೆಗೆ ಕದಲದೆ ನಿಂತುದು ನಮ್ಮ ಹಳೆಯ ಬೆಳೆಯೇ ಎಂಬುದನ್ನು ಸೂರ್ಯಕಾಂತಿಯ ಚರ್ಚೆ ಮರೆಯಬಾರದು.

ಕಾಳನ್ನು ತೂಕಕ್ಕೆ ಮಾರುವ ರೈತನಿಗೆ ಆಮ್ಲಗಳ ಏರಿಳಿತ ಕಾಣಿಸದು; ಜಳ್ಳು ಕಾಳಿನ ನಷ್ಟ ಮಾತ್ರ ತಪ್ಪದು. ಬಿತ್ತನೆಯ ದಿನ, ಕಾಳು ತುಂಬುವ ವಾರಗಳ ರಾತ್ರಿಯ ಉಷ್ಣತೆ, ಎಣ್ಣೆಯ ಅಂಶ, ಆಮ್ಲಗಳ ಪ್ರಮಾಣ: ಇವನ್ನು ಊರೂರಿಗೆ ಜೊತೆಯಾಗಿ ದಾಖಲಿಸಿದ ಹೊರತು ‘ಗುಣ’ವೆಂಬ ಮಾತಿಗೆ ನಿಶ್ಚಿತಾರ್ಥ ಬಾರದೆಂಬುದು ನಮ್ಮ ಅಭಿಪ್ರಾಯ.